ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಹಾಗೂ ಶಿಕ್ಷಕರ ತರಬೇತಿಯ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಶಿಕ್ಷಕರ ವೃತ್ತಿ ಅಭಿವೃದ್ಧಿಯಲ್ಲಿ ಆನ್‌ಲೈನ್ ಸಾಧನಗಳ ಬಳಕೆ ಮತ್ತು ಶಿಕ್ಷಕರ ಪರಸ್ಪರ ಕಲಿಕೆಗೆ ಮಾನ್ಯತೆ ಕೋರಿ

ಮಾನ್ಯರೇ,

ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಸೇವೆಗೆ ಸೇರಿ 22 ವರ್ಷಗಳಾದವು. ಕಳೆದ ಶೈಕ್ಷಣಿಕ ವರ್ಷದ ಕೊನೆಯಲ್ಲಿ, ಆ ವರ್ಷ ಪಡೆದ ತರಬೇತಿಗಳ ವಿವರವನ್ನು ಒಂದು ನಮೂನೆಯಲ್ಲಿ ತುಂಬಿ ಸಲ್ಲಿಸಬೇಕಾಗಿ ಬಂತು. ಕೋರ್ಸಿನ ಹೆಸರು, ಅವಧಿ, ಪ್ರಮಾಣಪತ್ರದ ಸಂಖ್ಯೆ ಎಂಬ ಮೂರು ಕಲಂಗಳಿದ್ದವು. ಮುಗಿಸಿದ್ದ ಆನ್‌ಲೈನ್ ಕೋರ್ಸುಗಳನ್ನೆಲ್ಲ ಬರೆದೆ. ಬರೆದು ಮುಗಿಸಿದ ಮೇಲೆ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಆ ವರ್ಷ ನನ್ನ ಪಾಠದ ರೀತಿಯನ್ನು ನಿಜವಾಗಿ ಬದಲಿಸಿದ ಯಾವ ಸಂಗತಿಗೂ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಜಾಗವಿದ್ದ ಸಂಗತಿಗಳಲ್ಲಿ ಹೆಚ್ಚಿನವು ನನ್ನ ತರಗತಿಯ ಬಾಗಿಲನ್ನು ದಾಟಿ ಒಳಗೆ ಬಂದಿರಲಿಲ್ಲ. ಈ ಪತ್ರವನ್ನು ಬರೆಯಲು ಅದೇ ಕಾರಣ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಐದನೆಯ ತರಗತಿಗೆ 403ರಿಂದ 178ನ್ನು ಕಳೆಯುವ ಲೆಕ್ಕ ಕೊಟ್ಟಿದ್ದೆ. ಹನ್ನೊಂದು ಮಕ್ಕಳು 375 ಎಂದು ಉತ್ತರ ಬರೆದಿದ್ದರು. ದಶಕ ತೆಗೆದುಕೊಳ್ಳುವುದನ್ನು ಇವರು ಮರೆತಿದ್ದಾರೆಂದು ತಿಳಿದು ಮೂರು ದಿನ ಅದನ್ನೇ ಮತ್ತೆ ಕಲಿಸಿದೆ. ನಾಲ್ಕನೆಯ ದಿನವೂ ಹೆಚ್ಚು ಕಡಿಮೆ ಅವೇ ಮಕ್ಕಳು ಅದೇ ಬಗೆಯ ಉತ್ತರ ತಂದರು. ಅಂದು ಸಂಜೆ ಒಂದು ಸ್ಲೇಟಿನ ಚಿತ್ರ ತೆಗೆದು, ನಾವು ಕೆಲವು ಗಣಿತ ಶಿಕ್ಷಕರು ನಮ್ಮಷ್ಟಕ್ಕೆ ಮಾಡಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಏನು ಮಾಡುವುದೆಂದು ತಿಳಿಯುತ್ತಿಲ್ಲ ಎಂದು ಬರೆದೆ.

ಮೊದಲ ಉತ್ತರ ಬೇರೆ ಜಿಲ್ಲೆಯ ಒಬ್ಬ ಮೇಷ್ಟ್ರಿಂದ ಬಂತು. ಮಕ್ಕಳು ಇಲ್ಲಿ ಕಳೆದೇ ಇಲ್ಲ, ಪ್ರತಿ ಸ್ಥಾನದಲ್ಲಿ ಎರಡು ಅಂಕಿಗಳ ನಡುವಿನ ಅಂತರವನ್ನು ಬರೆದಿದ್ದಾರೆ ಎಂದರು ಅವರು. 3 ಮತ್ತು 8ರ ನಡುವೆ 5, 0 ಮತ್ತು 7ರ ನಡುವೆ 7, 4 ಮತ್ತು 1ರ ನಡುವೆ 3. ನೋಡಿದರೆ ಹಾಗೆಯೇ ಇತ್ತು, ಮೂರು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅರ್ಧ ಗಂಟೆಯ ನಂತರ ನಲಿಕಲಿ, ಅಂದರೆ ಚಿಕ್ಕ ಮಕ್ಕಳಿಗೆ ಹಾಡು, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯ ತರಗತಿ ನಡೆಸುವ ಒಬ್ಬ ಅಕ್ಕೋರು ಇನ್ನೊಂದು ಮಾತು ಸೇರಿಸಿದರು: ಚಿಕ್ಕ ತರಗತಿಯಲ್ಲಿ "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಎಂದು ನಾವೇ ಬಾಯಿಪಾಠ ಮಾಡಿಸುತ್ತೇವಲ್ಲ, ಆ ಮಾತನ್ನೇ ಈ ಮಕ್ಕಳು ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ಮೂರನೆಯವರು ರಟ್ಟಿನಲ್ಲಿ ನೂರು, ಹತ್ತು, ಒಂದು ರೂಪಾಯಿಗಳ ನೋಟು ಮಾಡಿ ಅಂಗಡಿಯಾಟ ಆಡಿಸಲು ಹೇಳಿದರು. 403 ರೂಪಾಯಿಯಲ್ಲಿ ಹತ್ತರ ನೋಟು ಒಂದೂ ಇಲ್ಲ, ಆದ್ದರಿಂದ ಮಗು ನೂರರ ನೋಟನ್ನು ಒಡೆಸಲೇಬೇಕು. ಅದನ್ನೂ, ಅದರಿಂದ ಬಂದ ಒಂದು ಹತ್ತರ ನೋಟನ್ನೂ ಒಡೆಸಿದಾಗ ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹದಿಮೂರು ಒಂದು ಉಳಿಯುತ್ತವೆ. ಅಲ್ಲಿಂದ 178 ಕೊಟ್ಟರೆ 225 ಬಾಕಿ. ಕೊನೆಗೆ ಒಬ್ಬರು, ಬಂದ ಉತ್ತರಕ್ಕೆ ಕಳೆದದ್ದನ್ನು ಮಕ್ಕಳ ಕೈಯಲ್ಲೇ ಕೂಡಿಸಿ ನೋಡಿಸಿ ಎಂದರು. 375ಕ್ಕೆ 178 ಕೂಡಿಸಿದರೆ 553 ಬರುತ್ತದೆ, ತಪ್ಪಾಗಿದೆ ಎಂದು ನಾನು ಹೇಳುವ ಅಗತ್ಯವೇ ಇರುವುದಿಲ್ಲ.

ಮರುದಿನ ರಟ್ಟಿನ ನೋಟುಗಳೊಂದಿಗೆ ತರಗತಿಗೆ ಹೋದೆ. ವಾರದೊಳಗೆ ಒಂಬತ್ತು ಮಕ್ಕಳು ಸರಿಯಾದರು. ಉಳಿದಿಬ್ಬರಿಗೆ ಸ್ಥಾನಬೆಲೆಯೇ ತಿಳಿದಿರಲಿಲ್ಲ, ಅವರೊಂದಿಗೆ ಕಡ್ಡಿಯ ಕಟ್ಟುಗಳಿಂದ ಮೊದಲಿನಿಂದ ಆರಂಭಿಸಿದೆ. ಆದದ್ದನ್ನೆಲ್ಲ ಗುಂಪಿನಲ್ಲಿ ಬರೆದೆ. ಇನ್ನು ಮೂವರು ತಮ್ಮ ಶಾಲೆಗಳಲ್ಲಿ ಅದನ್ನೇ ಪ್ರಯತ್ನಿಸಿ ತಮಗೆ ಕಂಡದ್ದನ್ನು ಹೇಳಿದರು. 22 ವರ್ಷ ವ್ಯವಕಲನ ಕಲಿಸಿದ ನಾನು, ಮಗುವಿನ ತಪ್ಪಿನ ಹಿಂದೆ ಮಗುವಿನದೇ ಒಂದು ತರ್ಕವಿರುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಆ ವಾರದಲ್ಲಿ. ಇದಕ್ಕೆ ನನ್ನ ಬಳಿ ಪ್ರಮಾಣಪತ್ರದ ಸಂಖ್ಯೆ ಇಲ್ಲ.

ಇನ್ನೊಂದು ಸಂಗತಿ. ತಾಂಡಾದ ಶಾಲೆಗೆ ಹೊಸದಾಗಿ ನೇಮಕಗೊಂಡ ಯುವ ಶಿಕ್ಷಕಿಯೊಬ್ಬರಿಗೆ ಒಂದನೆಯ ತರಗತಿಯ ಮಕ್ಕಳು ತಿಂಗಳಾದರೂ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳ ಮನೆಮಾತು ಲಂಬಾಣಿ, ಇವರದು ಕನ್ನಡ. ಅವರು ಗುಂಪಿನಲ್ಲಿ ತಮ್ಮ ಕಷ್ಟ ಹೇಳಿಕೊಂಡಾಗ, ತಾಂಡಾದಲ್ಲೇ ಹುಟ್ಟಿ ಬೆಳೆದ ಶಿಕ್ಷಕರೊಬ್ಬರು ಪ್ರತಿದಿನ ರಾತ್ರಿ ಐದಾರು ಪದಗಳನ್ನು ತಮ್ಮ ದನಿಯಲ್ಲೇ ಹೇಳಿ ಕಳುಹಿಸತೊಡಗಿದರು. ತಾಯಿಗೆ ಯಾಡಿ, ರೊಟ್ಟಿಗೆ ಬಾಟಿ ಎಂದು ಶುರುವಾದ ಆ ಧ್ವನಿ ಸಂದೇಶಗಳು ಕೆಲವೇ ವಾರಗಳಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಾದವು. ಟೀಚರ್ ತಮ್ಮ ಮಾತಿನಲ್ಲಿ ಊಟ ಆಯಿತೇ ಎಂದು ಕೇಳಿದ ದಿನ ಮಕ್ಕಳು ನಕ್ಕರಂತೆ, ಮರುದಿನದಿಂದ ಮಾತನಾಡಿದರಂತೆ. ಬರೆದು ಕಳುಹಿಸಿದ್ದರೆ ಉಚ್ಚಾರಣೆ ಸಿಗುತ್ತಿರಲಿಲ್ಲ. ಆನ್‌ಲೈನ್ ಸಾಧನ ನಮ್ಮಂಥವರಿಗೆ ಏನು ಕೊಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಧ್ವನಿ ಸಂದೇಶಗಳನ್ನು.

ಈಗ ನಮೂನೆಯಲ್ಲಿ ಜಾಗವಿರುವ ಕಲಿಕೆಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮಗೆ ಒಂದು ಆನ್‌ಲೈನ್ ಕೋರ್ಸನ್ನು ಇಂಥ ದಿನಾಂಕದೊಳಗೆ ಮುಗಿಸಲೇಬೇಕೆಂದು ಸೂಚನೆ ಬಂತು. ಕೊನೆಯ ವಾರದಲ್ಲಿ ಪ್ರತಿದಿನ ಬೆಳಿಗ್ಗೆ, ಮುಗಿಸದವರ ಹೆಸರಿನ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತಿತ್ತು. ಎರಡನೆಯ ದಿನ ಯಾರೋ ಆ ಕೋರ್ಸಿನ ಪ್ರಶ್ನೆಗಳಿಗೆ ಸರಿಯುತ್ತರಗಳ ಪಿಡಿಎಫ್ ಹಂಚಿದರು. ವಿಡಿಯೊಗಳನ್ನು ಓಡಲು ಬಿಟ್ಟು ಅಡುಗೆ ಮಾಡಿದವರಿದ್ದಾರೆ, ಮಗನ ಕೈಗೆ ಫೋನು ಕೊಟ್ಟು ಮುಗಿಸಿದವರಿದ್ದಾರೆ. ಆ ಪಿಡಿಎಫ್ ನೋಡಿ ಉತ್ತರ ಒತ್ತಿದವರಲ್ಲಿ ನಾನೂ ಒಬ್ಬಳು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಪ್ರಮಾಣಪತ್ರ ನನ್ನ ಕಡತದಲ್ಲಿದೆ, ಅದರ ಅವಧಿಯನ್ನು ನನ್ನ ವೃತ್ತಿ ಅಭಿವೃದ್ಧಿಯ ಗಂಟೆಗಳೆಂದು ಎಣಿಸಲಾಗಿದೆ. ಮಕ್ಕಳ ಪರೀಕ್ಷೆಯಲ್ಲಿ ನಕಲು ನಡೆದರೆ ತಡೆಯಬೇಕಾದ ನಾವು, ನಮ್ಮ ಕಲಿಕೆಯಲ್ಲಿ ಅದನ್ನೇ ಮಾಡುವ ಸ್ಥಿತಿಗೆ ಬಂದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಇದನ್ನು ಶಿಕ್ಷಕರ ಸೋಮಾರಿತನ ಎಂದು ತಳ್ಳಿಹಾಕಬೇಡಿ. ಇವೇ ಶಿಕ್ಷಕರು ರಾತ್ರಿ ಹತ್ತು ಗಂಟೆಗೆ, ಯಾರ ಆದೇಶವೂ ಇಲ್ಲದೆ, ಇನ್ನೊಬ್ಬರ ತರಗತಿಯ ಒಂದು ತಪ್ಪು ಲೆಕ್ಕದ ಬಗ್ಗೆ ಯೋಚಿಸುತ್ತಾರೆ.

ನಾನು ಆನ್‌ಲೈನ್ ವೇದಿಕೆಗಳ ವಿರೋಧಿಯಲ್ಲ. 2017ರ ಸೆಪ್ಟೆಂಬರಿನಲ್ಲಿ ದೀಕ್ಷಾ ವೇದಿಕೆ ಆರಂಭವಾದ ಮೇಲೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಔರಾದಿನ ಶಿಕ್ಷಕರಿಗೂ ಸುಳ್ಯದ ಶಿಕ್ಷಕರಿಗೂ ಒಂದೇ ಸಾಮಗ್ರಿ ಸಿಗುವಂತಾಯಿತು. 2019ರ ಆಗಸ್ಟಿನಲ್ಲಿ ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ಗುರಿಯಾಗಿಸಿ ಮುಖಾಮುಖಿಯಾಗಿ ಆರಂಭವಾದ ನಿಷ್ಠಾ ತರಬೇತಿ, ಕೊರೊನಾ ಕಾಲದಲ್ಲಿ ಆನ್‌ಲೈನ್ ಆಗದಿದ್ದರೆ ನಿಂತೇ ಹೋಗುತ್ತಿತ್ತೇನೋ. ಅಷ್ಟು ದೊಡ್ಡ ಸಂಖ್ಯೆಗೆ ಅಷ್ಟು ಬೇಗ ತಲುಪಲು ಬೇರೆ ದಾರಿ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಿಂದಿನ ಪದ್ಧತಿಯಲ್ಲಿ ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ ಹೇಳುತ್ತ, ನಮ್ಮ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಬರುವ ಹೊತ್ತಿಗೆ ಐದು ದಿನದ ವಿಷಯ ಎರಡು ದಿನದ ಸಾರಾಂಶವಾಗಿರುತ್ತಿತ್ತು. ಆ ಸೋರಿಕೆಯನ್ನು ವಿಡಿಯೊ ತಡೆದಿದೆ. ಆದರೆ ತಲುಪಿಸುವುದು ಬೇರೆ, ಕಲಿಸುವುದು ಬೇರೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠವಲ್ಲವೇ?

ಯಂತ್ರ ಹೊಸದು, ತೊಡಕು ಹಳೆಯದು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು, ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. ಶಿಕ್ಷಕರಿಗೂ ಟೆಲಿಕಾನ್ಫರೆನ್ಸ್ ತರಬೇತಿಗಳು ನಡೆದವು. ಅಂಥ ಒಂದರಲ್ಲಿ ನಾನೂ ಕುಳಿತಿದ್ದೆ. ಪರದೆಯಲ್ಲಿ ತಜ್ಞರು ಮಾತನಾಡಿದರು, ಕೊನೆಯಲ್ಲಿ ಫೋನಿನಲ್ಲಿ ಪ್ರಶ್ನೆ ಕೇಳಲು ಸ್ವಲ್ಪ ಸಮಯ ಕೊಟ್ಟರು. ಹಲವು ಕೇಂದ್ರಗಳಿಂದ ನೂರಾರು ಜನ ಕಾಯುತ್ತಿದ್ದಾಗ ನಮ್ಮ ಸರದಿ ಬರಲೇ ಇಲ್ಲ. ಉಪಗ್ರಹದಿಂದ ಇಂಟರ್ನೆಟ್ಟಿಗೆ, ಟಿವಿಯಿಂದ ಮೊಬೈಲಿಗೆ ಬಂದಿದ್ದೇವೆ. ಮಾತು ಮಾತ್ರ ಈಗಲೂ ಒಂದೇ ಕಡೆಯಿಂದ ಹರಿಯುತ್ತಿದೆ. ಮೊದಲು ಪ್ರಶ್ನೆ ಕೇಳಲು ಕಾಯುತ್ತಿದ್ದೆವು, ಈಗಿನ ಎಷ್ಟೋ ಕೋರ್ಸುಗಳಲ್ಲಿ ಪ್ರಶ್ನೆ ಕೇಳುವ ಜಾಗವನ್ನೇ ಯಾರೂ ನೋಡುವುದಿಲ್ಲ.

ಡಿ.ಇಡಿ. ಓದುವಾಗ ನಾವೆಲ್ಲ ವೈಗಾಟ್ಸ್ಕಿಯ ವಿಚಾರವನ್ನು ಓದಿದ್ದೇವೆ. 1934ರಲ್ಲೇ ತೀರಿಕೊಂಡ ಆ ರಷ್ಯನ್ ಮನೋವಿಜ್ಞಾನಿ, ಕಲಿಕೆ ಮೊದಲು ಜನರ ನಡುವೆ ಆಗುತ್ತದೆ, ಆಮೇಲೆ ಒಬ್ಬರ ಒಳಗೆ ನೆಲೆಯಾಗುತ್ತದೆ ಎಂದು ಹೇಳಿದ್ದರು. ಅದನ್ನು ಆಧರಿಸಿಯೇ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ, ಮಾತನಾಡಲು ಬಿಡಿ, ಒಬ್ಬರಿಂದೊಬ್ಬರು ಕಲಿಯಲಿ ಎಂದು ಪ್ರತಿ ತರಬೇತಿಯಲ್ಲಿ ನಮಗೆ ಹೇಳುತ್ತಾರೆ. ಹಾಗೆ ಹೇಳುವ ಕೋರ್ಸನ್ನು ನಾವು ಒಬ್ಬೊಬ್ಬರೇ, ಮನೆಯ ಮೂಲೆಯಲ್ಲಿ, ಕೈಯಗಲದ ಪರದೆಯ ಮುಂದೆ ಮುಗಿಸುತ್ತೇವೆ.

ಶಿಕ್ಷಕರು ಒಬ್ಬರಿಂದೊಬ್ಬರು ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ನಲಿಕಲಿ ಹುಟ್ಟಿದ್ದು ಹೇಗೆಂದು ಹಿರಿಯ ಶಿಕ್ಷಕರಿಗೆ ಗೊತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಾವೇ ಕುಳಿತು, ತಮ್ಮ ಮಕ್ಕಳಿಗೆ ಒಪ್ಪುವ ಕಾರ್ಡುಗಳನ್ನು, ಹಾಡುಗಳನ್ನು, ಕಲಿಕಾ ಏಣಿಯನ್ನು ಕಟ್ಟಿದರು. ಆಗ ಅವರ ಬಳಿ ಫೋನೂ ಇರಲಿಲ್ಲ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ಬಂದಾಗ ಮಾತ್ರ, ನಮ್ಮಂಥವರ ಕೈಗೆ ಸಿಕ್ಕಿದ್ದು ಸಿದ್ಧವಾದ ಕಾರ್ಡುಗಳ ಪೆಟ್ಟಿಗೆ. ಕಾರ್ಡುಗಳನ್ನು ಕಟ್ಟುತ್ತ ಎಚ್.ಡಿ. ಕೋಟೆಯ ಶಿಕ್ಷಕರು ಏನನ್ನು ಕಲಿತರೋ ಅದು ಆ ಪೆಟ್ಟಿಗೆಯಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಎಷ್ಟೋ ಶಾಲೆಗಳಲ್ಲಿ ನಲಿಕಲಿ ಗೋಡೆಯ ಮೇಲಿನ ಚಿತ್ರಪಟವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಇಂಟರ್ನೆಟ್ ಬಂದ ಮೇಲಿನ ಉದಾಹರಣೆಯೂ ಇದೆ. 2011ರಲ್ಲಿ ಪ್ರೌಢಶಾಲೆಗಳಿಗಾಗಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಸಾವಿರಾರು ಶಿಕ್ಷಕರು ಇಮೇಲ್ ಮೂಲಕ ಒಬ್ಬರೊಡನೊಬ್ಬರು ಮಾತನಾಡಿದರು. ಅದರ ಬೆನ್ನಿಗೇ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಲ್ಲಿ ಶಿಕ್ಷಕರೇ ಪಾಠಗಳನ್ನು ಬರೆದರು, ತಿದ್ದಿದರು, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ನಮ್ಮ ಪಕ್ಕದ ಪ್ರೌಢಶಾಲೆಯ ಹಿರಿಯ ಮೇಷ್ಟ್ರೊಬ್ಬರು ಆ ಕಾಲದಲ್ಲಿ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕಲಿತು ಬಂದು ನನಗೆ ತೋರಿಸಿದ್ದು ನೆನಪಿದೆ. ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದು ವಿಶಾಲಕೋನ ಮಾಡಿದ ಕೂಡಲೇ, ಶೃಂಗಗಳಿಂದ ಎದುರು ಬಾಹುಗಳಿಗೆ ಎಳೆದ ಲಂಬಗಳು ಸೇರುವ ಲಂಬಕೇಂದ್ರ ತ್ರಿಭುಜದ ಹೊರಗೆ ಹೋಯಿತು. ಮಧ್ಯರೇಖೆಗಳು ಸೇರುವ ಬಿಂದು ಮಾತ್ರ ಎಷ್ಟು ಎಳೆದರೂ ಒಳಗೇ ಉಳಿಯಿತು. ಏಕೆ ಹೀಗೆ ಎಂದು ನಾವಿಬ್ಬರೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ವಾದಿಸಿದೆವು. ತಂತ್ರಾಂಶ ಅಲ್ಲಿ ಎರಡು ಜನರ ನಡುವೆ ಇತ್ತು, ಇಬ್ಬರೂ ಕಲಿತೆವು.

ಗುರುಚೇತನ ಎಂಬ ಶಿಕ್ಷಕರ ತರಬೇತಿ ಕಾರ್ಯಕ್ರಮ ಬಂದಾಗ, ಶಿಕ್ಷಕರು ತಮಗೆ ಬೇಕಾದ ಮಾಡ್ಯೂಲನ್ನು ತಾವೇ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಆಯ್ಕೆಯ ಆ ತತ್ವವನ್ನು ನಾನು ಬಹಳ ಮೆಚ್ಚಿದ್ದೆ. ಬೇಕಾದದ್ದನ್ನು ಆರಿಸಿಕೊಂಡು ಹೋದವರು ತರಬೇತಿ ಕೊಠಡಿಯಲ್ಲಿ ಕುಳಿತುಕೊಳ್ಳುವ ರೀತಿಯೇ ಬೇರೆ.

ಇಷ್ಟೆಲ್ಲ ಅನುಭವವಿದ್ದೂ ಇಂದು ನಮ್ಮ ಗುಂಪುಗಳ ಸ್ಥಿತಿ ಏನಾಗಿದೆ ಎಂಬುದನ್ನು ತಾವು ತಿಳಿಯಬೇಕು. ನನ್ನ ಫೋನಿನಲ್ಲಿ ಶಾಲೆಗೆ ಸಂಬಂಧಿಸಿದ ಹದಿನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಿವೆ. ಅವುಗಳಲ್ಲಿ ಕಲಿಕೆಗೆಂದು ಆರಂಭವಾದವು ಐದು, ಇಂದಿಗೂ ಕಲಿಕೆಗೆಂದೇ ಉಳಿದಿರುವುದು ಒಂದೇ. ಮಿಕ್ಕ ನಾಲ್ಕನ್ನು ಆದೇಶಗಳು ನುಂಗಿದವು. "ಅತಿ ಜರೂರು" ಎಂಬ ತಲೆಬರಹದ ಸುತ್ತೋಲೆ, ಅರ್ಧ ಗಂಟೆಯಲ್ಲಿ ತುಂಬಬೇಕಾದ ಗೂಗಲ್ ಶೀಟ್, ಮಾಹಿತಿ ಕೊಡದ ಶಾಲೆಗಳ ಪಟ್ಟಿ, ಅದರ ಕೆಳಗೆ "ಸಲ್ಲಿಸಲಾಗಿದೆ ಸರ್" ಎಂಬ ಎಪ್ಪತ್ತು ಉತ್ತರಗಳು. ಇವುಗಳ ನಡುವೆ ಒಬ್ಬ ಶಿಕ್ಷಕಿ ಭಿನ್ನರಾಶಿಯ ಬಗ್ಗೆ ಒಂದು ಸಂದೇಹ ಕೇಳಿದರೆ ಅದು ಹತ್ತು ನಿಮಿಷದಲ್ಲಿ ಮೇಲೆ ಸರಿದು ಕಾಣದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅಧಿಕಾರಿಗಳು ನೋಡುತ್ತಿರುವ ಗುಂಪಿನಲ್ಲಿ ತನಗೆ ಇದು ಬರುವುದಿಲ್ಲ ಎಂದು ಬರೆಯುವ ಧೈರ್ಯ ಯಾರಿಗಿದೆ? ಹಾಗೆ ಬರೆದವರೊಬ್ಬರಿಗೆ, ಇಷ್ಟು ವರ್ಷ ಏನು ಕಲಿಸಿದಿರಿ ಎಂಬ ಉತ್ತರ ಎಲ್ಲರೆದುರು ಬಂದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಆ ಗುಂಪಿನಲ್ಲಿ ಪಾಠದ ಪ್ರಶ್ನೆ ಬರಲೇ ಇಲ್ಲ, ಹೂಗುಚ್ಛದ ಶುಭೋದಯಗಳು ಬಂದವು.

ತಿಂಗಳಿಗೊಮ್ಮೆ ನಡೆಯುವ ಕ್ಲಸ್ಟರ್ ಸಮಾಲೋಚನಾ ಸಭೆಯ ಕಥೆಯೂ ಇದೇ. ಹತ್ತಿರದ ಶಾಲೆಗಳು ಒಂದುಗೂಡಿ ಕಲಿಯಬೇಕೆಂಬ ವಿಚಾರ 1964-66ರ ಕೊಠಾರಿ ಆಯೋಗದಷ್ಟು ಹಳೆಯದು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಹುದ್ದೆಯೂ ಶಿಕ್ಷಕರ ಶೈಕ್ಷಣಿಕ ನೆರವಿಗೆಂದೇ ಇರುವಂಥದು. ನಮ್ಮಲ್ಲಿ ಆ ಸಭೆಯ ಬಹುಪಾಲು ಮಾಹಿತಿ ಸಂಗ್ರಹದಲ್ಲಿ ಕಳೆಯುತ್ತದೆ. ಆಧಾರ್ ಜೋಡಣೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಬ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯ ತಿದ್ದುಪಡಿಗಳೆಲ್ಲ ಮುಗಿದು ಪಾಠದ ಮಾತಿಗೆ ಬರುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ನಮ್ಮ ಸಿಆರ್‌ಪಿಯವರನ್ನು ನಾನು ದೂರುವುದಿಲ್ಲ, ಅವರ ಫೋನಿನಲ್ಲಿ ನನ್ನದಕ್ಕಿಂತ ಹೆಚ್ಚು ಗುಂಪುಗಳಿವೆ.

ಪ್ರತಿ ಚಟುವಟಿಕೆಗೂ ಜಿಪಿಎಸ್ ಫೋಟೊ ಕೇಳುವ ರೂಢಿಯ ಬಗ್ಗೆಯೂ ಹೇಳಬೇಕು. ತರಬೇತಿಯಲ್ಲಿ ಕಲಿತದ್ದನ್ನು ತರಗತಿಯಲ್ಲಿ ಮಾಡಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿ ಮಕ್ಕಳ ಮುಖಗಳು, ಶಾಲೆಯ ಅಕ್ಷಾಂಶ ರೇಖಾಂಶಗಳ ಸಮೇತ, ನೂರಾರು ಜನರ ಫೋನುಗಳಿಗೆ ಹೋಗುತ್ತಿವೆ. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬ ತತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಒಪ್ಪಿದೆ. ಮಗುವಿನ ಸ್ಲೇಟು ಮಗುವಿನ ಮುಖಕ್ಕಿಂತ ಹೆಚ್ಚು ಹೇಳುತ್ತದೆ, ನಮ್ಮ ಗುಂಪಿನಲ್ಲಿ ನಾವು ಸ್ಲೇಟನ್ನು ಮಾತ್ರ ಹಾಕುತ್ತೇವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿ ಎಂದು ಹೇಳಿದ್ದು ಎಲ್ಲರಿಗೂ ತಿಳಿದಿದೆ. ಅದೇ ಜಾಗದಲ್ಲಿ ಇನ್ನೆರಡು ಮಾತುಗಳಿವೆ. ಆ ಗಂಟೆಗಳು ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೆಯಬೇಕು, ಶಿಕ್ಷಕರು ತಮ್ಮ ವಿಚಾರಗಳನ್ನು ಹಂಚಿಕೊಳ್ಳಲು ಆನ್‌ಲೈನ್ ವೇದಿಕೆಗಳನ್ನು ಕಟ್ಟಬೇಕು. 50 ಎಂಬ ಅಂಕಿ ಶಾಲೆಗಳವರೆಗೆ ಬಂತು, ಉಳಿದೆರಡು ಮಾತು ದಾರಿಯಲ್ಲೇ ನಿಂತವು. ನಮ್ಮ ರಾಜ್ಯ ಆ ನೀತಿಯನ್ನು ಹಾಗೆಯೇ ಒಪ್ಪದೆ ತನ್ನದೇ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು, ಆ ಆಯೋಗ 2025ರ ಆಗಸ್ಟಿನಲ್ಲಿ ವರದಿ ಸಲ್ಲಿಸಿದೆ. ನೀತಿ ಯಾವುದೇ ಆಗಲಿ, ಶಿಕ್ಷಕರ ಕಲಿಕೆಯ ಗಂಟೆಗಳನ್ನು ಹೇಗೆ ಎಣಿಸಬೇಕೆಂಬ ಪ್ರಶ್ನೆ ತಮ್ಮ ಮೇಜಿನ ಮೇಲೆ ಬಂದೇ ಬರುತ್ತದೆ. ಆ ಸಮಯದಲ್ಲಿ ಈ ಪತ್ರವನ್ನೂ ಒಮ್ಮೆ ನೋಡಿ ಎಂಬುದು ನನ್ನ ಪ್ರಾರ್ಥನೆ.

ನನ್ನ ಮುಖ್ಯ ಬೇಡಿಕೆ ಒಂದು. ವರ್ಷದ ತರಬೇತಿ ಗಂಟೆಗಳಲ್ಲಿ ಅರ್ಧದಷ್ಟನ್ನಾದರೂ ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಮೀಸಲಿಡಬೇಕು, ಅದನ್ನು ಸೇವಾ ದಾಖಲೆಯಲ್ಲಿ ಬೇರೆ ತರಬೇತಿಗಳಿಗೆ ಸಮನಾಗಿ ಗುರುತಿಸಬೇಕು. ಒಬ್ಬ ಶಿಕ್ಷಕಿ ತನ್ನ ತರಗತಿಯ ಒಂದು ತೊಡಕನ್ನು ಸಹೋದ್ಯೋಗಿಗಳ ಮುಂದಿಟ್ಟು, ಅವರ ಸಲಹೆಯನ್ನು ಪ್ರಯೋಗಿಸಿ, ಆದದ್ದನ್ನು ಒಂದು ಪುಟದಲ್ಲಿ ಬರೆದರೆ ಅದು ತರಬೇತಿಯೇ. ಆ ಒಂದು ಪುಟವನ್ನು ಕ್ಲಸ್ಟರಿನ ಮೂರು ಜನ ಶಿಕ್ಷಕರು ಓದಿ ತಮ್ಮ ಮಾತು ಬರೆದರೆ ಪರಿಶೀಲನೆಯೂ ಆಯಿತು. ಉತ್ತರಗಳ ಪಿಡಿಎಫ್ ಅನ್ನು ಹಂಚಬಹುದು, ನನ್ನ ತರಗತಿಯ ಹನ್ನೊಂದು ಮಕ್ಕಳ ತಪ್ಪನ್ನು ಇನ್ನೊಬ್ಬರು ನಕಲು ಮಾಡಲಾರರು. ಈಗಿರುವ ಆನ್‌ಲೈನ್ ಕೋರ್ಸುಗಳ ಕೊನೆಯಲ್ಲೂ ಬಹು ಆಯ್ಕೆಯ ಪ್ರಶ್ನೆಗಳ ಬದಲಿಗೆ ಇಂಥದೇ ಒಂದು ಸಣ್ಣ ತರಗತಿ ಪ್ರಯೋಗವನ್ನು ಇಡಬಹುದು.

ಇದಕ್ಕೆ ಬರಬಹುದಾದ ಆಕ್ಷೇಪಣೆಯನ್ನು ನಾನು ಬಲ್ಲೆ. ಶಿಕ್ಷಕರು ತಮ್ಮಲ್ಲೇ ಮಾತನಾಡಿಕೊಂಡರೆ ತಪ್ಪು ತಿಳಿವಳಿಕೆಯೂ ಹರಡುವುದಿಲ್ಲವೇ ಎಂದು ಕೇಳಬಹುದು. ಹರಡುತ್ತದೆ, ಅದನ್ನು ಒಪ್ಪುತ್ತೇನೆ. ಭಿನ್ನರಾಶಿಗಳನ್ನು ಕೂಡಲು ಅಡ್ಡಡ್ಡ ಗುಣಿಸುವ ಒಂದು ಸುಲಭೋಪಾಯದ ವಿಡಿಯೊ ನಮ್ಮ ಗುಂಪಿನಲ್ಲೂ ಬಂದಿತ್ತು. ಬಹಳ ಜನ ಮೆಚ್ಚಿದರು. ಛೇದ ಎಂದರೇನು, ಅದನ್ನು ಏಕೆ ಸಮ ಮಾಡಬೇಕು ಎಂಬುದು ಮಕ್ಕಳಿಗೆ ತಿಳಿಯದೆ ಹೋಗುತ್ತದೆಂದು ಹೇಳಲು ವಿಷಯ ಬಲ್ಲ ಒಬ್ಬರು ಬೇಕಾಯಿತು, ಅದೃಷ್ಟಕ್ಕೆ ನಮ್ಮಲ್ಲಿ ಒಬ್ಬ ನಿವೃತ್ತ ಉಪನ್ಯಾಸಕರಿದ್ದರು. ಆದ್ದರಿಂದಲೇ ಇಂಥ ಪ್ರತಿ ಗುಂಪಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿಂದ, ನಾವು ಡಯಟ್ ಎನ್ನುವ ಅಲ್ಲಿಂದ, ಒಬ್ಬ ಉಪನ್ಯಾಸಕರು ಜೊತೆಗಿರಲಿ ಎಂದು ಕೇಳುತ್ತೇನೆ. ಅವರು ಮೇಲಧಿಕಾರಿಯಾಗಿ ಬರಬಾರದು. ಒಂದು ತಪ್ಪು ಕಂಡಾಗ ಕಾರಣ ವಿವರಿಸುವ, ಚರ್ಚೆ ನಿಂತಾಗ ಒಂದು ಪ್ರಶ್ನೆ ಹಾಕುವ ಹಿರಿಯ ಸಹೋದ್ಯೋಗಿಯಾಗಿ ಇರಬೇಕು. ಗುಂಪನ್ನು ನಡೆಸುವ ಶಿಕ್ಷಕರಿಗೆ ತಿಂಗಳಿಗೆ ಒಂದು ದಿನವಾದರೂ ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆಂದು ಹಾಜರಿ ಕೊಡುವ ಸೌಲಭ್ಯ, ಸಿಗಲಿ. ಇಂದು ಆ ಕೆಲಸವೆಲ್ಲ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ, ಮನೆಗೆಲಸ ಮುಗಿದ ಮೇಲೆ ನಡೆಯುತ್ತಿದೆ. ಶಿಕ್ಷಕಿಯರಿಗೆ ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಕಲಿಕೆಯ ಗುಂಪುಗಳಲ್ಲಿ ಸುತ್ತೋಲೆ, ಪಟ್ಟಿ, ಮಾಹಿತಿ ನಮೂನೆಗಳನ್ನು ಹಾಕಬಾರದೆಂದು ಲಿಖಿತ ಸೂಚನೆ ಹೊರಡಿಸಬೇಕು. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಆದೇಶಗಳಿಗೆ ಬೇರೆ ಗುಂಪು ಇದ್ದೇ ಇದೆ. ಹಾಗೆಯೇ ಸಮಾಲೋಚನಾ ಸಭೆಯ ಮೊದಲ ಎರಡು ಗಂಟೆ ಪಾಠದ ಚರ್ಚೆಗೇ ಮೀಸಲಾಗಲಿ, ಅದರ ವಿಷಯವನ್ನು ಹಿಂದಿನ ತಿಂಗಳು ಶಿಕ್ಷಕರೇ ಆನ್‌ಲೈನಿನಲ್ಲಿ ಆರಿಸಲಿ. ಫೋನಿನಲ್ಲಿ ಆರಂಭವಾದ ಮಾತು ಎದುರುಬದುರು ಕುಳಿತಾಗ ಮುಂದುವರಿದರೆ ಎರಡಕ್ಕೂ ಬಲ ಬರುತ್ತದೆ. ನೆಟ್‌ವರ್ಕ್ ಸಿಗದ ಮಲೆನಾಡಿನ, ಗಡಿಭಾಗದ ಶಾಲೆಗಳ ಶಿಕ್ಷಕರು ಹೊರಗುಳಿಯದಂತೆ ನೋಡಿಕೊಳ್ಳಲೂ ಇದೇ ದಾರಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ವಿಷಯದ ಬಗ್ಗೆ ಮಾತನಾಡಲು ಇನ್ನೊಬ್ಬರೇ ಇರುವುದಿಲ್ಲ, ಅವರಿಗೆ ತಿಂಗಳ ಆ ಎರಡು ಗಂಟೆ ಬಹಳ ದೊಡ್ಡದು.

ಕೊನೆಯದಾಗಿ, ಈ ಚರ್ಚೆಗಳು ಕಳೆದುಹೋಗದಂತೆ ಉಳಿಸುವ ಏರ್ಪಾಡು ಬೇಕು. ವಾಟ್ಸ್‌ಆ್ಯಪ್ ಮಾತನಾಡಲು ಒಳ್ಳೆಯದು, ಕಾಪಿಡಲು ಅಲ್ಲ. ಫೋನು ತುಂಬಿದಾಗ ಅಳಿಸುತ್ತೇವೆ, ಫೋನು ಬದಲಾದಾಗ ಎಲ್ಲವೂ ಹೋಗುತ್ತದೆ. ಇದೇ ವರ್ಷ ಹೊಸದಾಗಿ ಸೇರಿದ ಶಿಕ್ಷಕರು ನಾವು ಮೂರು ವರ್ಷದ ಹಿಂದೆ ಬಿಡಿಸಿದ ಪ್ರಶ್ನೆಯನ್ನೇ ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ಮುಕ್ತ ಸಂಪನ್ಮೂಲಗಳ ಜಾಲತಾಣದ ಮಾದರಿ ನಮ್ಮಲ್ಲಿ ಆಗಲೇ ಇದೆ. ಅದೇ ರೀತಿಯಲ್ಲಿ, ಕನ್ನಡದಲ್ಲಿ, ಮುಕ್ತ ಪರವಾನಗಿಯಡಿ, ಶಿಕ್ಷಕರ ಚರ್ಚೆಗಳನ್ನು ತರಗತಿವಾರು, ಘಟಕವಾರು ಸಂಪಾದಿಸಿ ಇಡುವ ಕೆಲಸವನ್ನು ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸಿ. ಬರೆದವರ ಹೆಸರು ಅವರ ಬರಹದ ಜೊತೆಗಿರಲಿ, ಮಕ್ಕಳ ಗುರುತು ಎಲ್ಲಿಯೂ ಬೇಡ.

ಇಂಥ ಏರ್ಪಾಡು ಇಲ್ಲವಾದ್ದರಿಂದ ನಮ್ಮ ಗುಂಪಿನಲ್ಲಿ ಉಪಯುಕ್ತವೆನಿಸಿದ ಚರ್ಚೆಗಳನ್ನು ನಾನು ಕೈಯಲ್ಲೇ ಬರೆದಿಡುತ್ತ ಬಂದಿದ್ದೇನೆ. ಸ್ಥಾನಬೆಲೆ, ಭಿನ್ನರಾಶಿ, ಕೋನಗಳು, ಅಳತೆ ಎಂದು ವಿಂಗಡಿಸಿದ ಮೂರು ನೋಟ್‌ಪುಸ್ತಕಗಳು ತುಂಬಿವೆ, ನಾಲ್ಕನೆಯದು ನಡೆಯುತ್ತಿದೆ. ತಾವು ಕರೆದ ದಿನ, ತಾವು ಹೇಳಿದ ಕಚೇರಿಗೆ ಅವುಗಳನ್ನು ತಂದು ತಮ್ಮ ಮುಂದಿಡಲು ಸಿದ್ಧಳಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ